ಬಣ್ಣ, ಕತ್ತರಿ, ಸಾಲ: ಹಳೆಯ ಚಿತ್ರದ ‘ಮೂಲ’ ಯಾವುದೆಂದು ಜಾಕ್ ತಾತಿಯನ್ನು ಕೇಳಿದರೆ

2025ರ ಆಗಸ್ಟ್ 1ರಂದು ‘ರಾಂಝಣಾ’ದ ತಮಿಳು ರೂಪ ‘ಅಂಬಿಕಾಪತಿ’ ಮತ್ತೆ ತೆರೆಗೆ ಬಂತು. 2013ರಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಿದ್ದ ನಾಯಕ ಈ ಸಲ ಕಣ್ಣು ತೆರೆದ. ಆ ಕ್ಲೈಮ್ಯಾಕ್ಸನ್ನು ಯಾರೂ ಚಿತ್ರೀಕರಿಸಿರಲಿಲ್ಲ, ಎಐ ತಯಾರಿಸಿತ್ತು. ನಿರ್ದೇಶಕ ಆನಂದ್ ಎಲ್. ರಾಯ್ ಮತ್ತು ನಟ ಧನುಷ್ ಬಹಿರಂಗವಾಗಿಯೇ ವಿರೋಧಿಸಿದರು. ಹಕ್ಕು ತನ್ನದು ಎಂದಿತು ನಿರ್ಮಾಣ ಸಂಸ್ಥೆ. ಚಿತ್ರ ಮಾತ್ರ ಬಿಡುಗಡೆಯಾಗಿಯೇ ಆಯಿತು.

ಕನ್ನಡಿಗರಿಗೆ ಇದರ ಸೌಮ್ಯ ರೂಪ ಹಿಂದಿನಿಂದಲೂ ಗೊತ್ತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ಬಳಿದುಕೊಂಡು ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಂತು. ರಾಜ್‌ಕುಮಾರ್ ಅವರನ್ನು ದೊಡ್ಡ ತೆರೆಯಲ್ಲಿ ಮತ್ತೆ ನೋಡುವ ಖುಷಿಯ ಮುಂದೆ ಬಣ್ಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಹೆಚ್ಚು ಜನರನ್ನು ಕಾಡಲಿಲ್ಲ. ಈಗ ಮರುಬಿಡುಗಡೆಯೇ ಒಂದು ವ್ಯಾಪಾರ. ಪೋಸ್ಟರಿನ ಮೇಲೆ ‘4ಕೆ’ (ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿಗಳ ಡಿಜಿಟಲ್ ಚಿತ್ರ) ಎಂದು ದೊಡ್ಡದಾಗಿ ಬರೆದಿರುತ್ತಾರೆ. ಯಾವ ನೆಗೆಟಿವ್‌ನಿಂದ ತೆಗೆದದ್ದು, ಯಾವ ಆವೃತ್ತಿ, ಯಾರ ಒಪ್ಪಿಗೆಯಿಂದ ಬದಲಾಯಿತು ಎಂಬುದನ್ನು ಎಲ್ಲೂ ಬರೆಯುವುದಿಲ್ಲ.

ಈ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡಲು ಫ್ರೆಂಚ್ ನಿರ್ದೇಶಕ, ನಟ ಜಾಕ್ ತಾತಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು ಮಾಡಿದ ಪೂರ್ಣಪ್ರಮಾಣದ ಚಿತ್ರಗಳು ಆರೇ. ಅಷ್ಟರಲ್ಲೇ ಎಲ್ಲ ಬಗೆಯ ಪೇಚೂ ಇದೆ: ಚಿತ್ರೀಕರಿಸಿದ ಬಣ್ಣ ತೆರೆಗೆ ಬಾರದೇ ಹೋದದ್ದು, ನಿರ್ದೇಶಕನೇ ಎರಡು ಸಲ ಮರುಸಂಕಲನ ಮಾಡಿದ್ದು, ಪ್ರದರ್ಶಕರಿಗಾಗಿ ಅರ್ಧ ಗಂಟೆ ಕತ್ತರಿಸಿದ್ದು, ಸಾಲಕ್ಕೆ ಚಿತ್ರಗಳ ಹಕ್ಕು ಹರಾಜಾದದ್ದು.

ಚೌಕಟ್ಟು ಕಟ್ಟುವ ಮನೆತನದ ಹುಡುಗ

ಜಾಕ್ ತಾತಿಷೆಫ್ ಹುಟ್ಟಿದ್ದು 1907ರ ಅಕ್ಟೋಬರ್ 9ರಂದು, ಪ್ಯಾರಿಸ್ ಪಕ್ಕದ ಲ ಪೆಕ್‌ನಲ್ಲಿ. ತಂದೆಯ ಕಡೆ ರಷ್ಯನ್ ಮೂಲ, ತಾಯಿಯ ಕಡೆ ಡಚ್. ತಾಯಿಯ ತವರಿನವರದು ಚಿತ್ರಪಟಗಳಿಗೆ ಚೌಕಟ್ಟು ಹಾಕುವ ಅಂಗಡಿ, ಹುಡುಗ ಕಲಿತ ಮೊದಲ ಕಸುಬೂ ಅದೇ. ಅವರ ಸಿನಿಮಾಗಳಲ್ಲಿ ಚೌಕಟ್ಟಿನ ನಾಲ್ಕು ಮೂಲೆಯೂ ದುಡಿಯುವುದನ್ನು ಕಂಡವರಿಗೆ ಈ ವಿವರ ಕಾಕತಾಳೀಯ ಅನ್ನಿಸುವುದಿಲ್ಲ. ಆಮೇಲೆ ಅಶ್ವದಳದಲ್ಲಿ ಸೇನಾಸೇವೆ, ಕ್ಲಬ್ಬಿನಲ್ಲಿ ರಗ್ಬಿ. ಆಟ ಮುಗಿದ ಮೇಲೆ ಗೆಳೆಯರನ್ನು ನಗಿಸಲು ಆಟಗಾರರ ಅಣಕು ಮಾಡುತ್ತಿದ್ದುದೇ ಬೆಳೆದು ವೃತ್ತಿಯಾಯಿತು. ಟೆನಿಸ್ ಆಟಗಾರ, ಗೋಲ್‌ಕೀಪರ್, ಕುದುರೆ ಮತ್ತು ಅದರ ಸವಾರ, ಎಲ್ಲರನ್ನೂ ಮಾತಿಲ್ಲದೆ ಮೈಯಲ್ಲೇ ತರುತ್ತಿದ್ದರು. ಕುದುರೆ ಮತ್ತು ಸವಾರನನ್ನು ಒಟ್ಟಿಗೆ ಒಂದೇ ದೇಹದಲ್ಲಿ ತರುವ ಅಂಕವನ್ನು 1936ರಲ್ಲಿ ಲೇಖಕಿ ಕೊಲೆಟ್ ಮೆಚ್ಚಿ ಬರೆದಾಗ ಮ್ಯೂಸಿಕ್ ಹಾಲ್ ಎಂಬ ವಿನೋದ ರಂಗಗಳ ಬಾಗಿಲು ತೆರೆಯಿತು.

1930ರ ದಶಕದಲ್ಲಿ ಕೆಲವು ಕಿರುಚಿತ್ರ, ಯುದ್ಧದ ನಂತರ ಕ್ಲೋದ್ ಓತಾಂ-ಲಾರಾ ಅವರ ಎರಡು ಚಿತ್ರಗಳಲ್ಲಿ ಚಿಕ್ಕ ಪಾತ್ರ. ನಿರ್ಮಾಪಕ ಫ್ರೆಡ್ ಒರೇನ್ ಜೊತೆ ಕಾದಿ-ಫಿಲ್ಮ್ಸ್ ಶುರು ಮಾಡಿ, ಅಂಚೆಯವನೊಬ್ಬನ ಕಿರುಚಿತ್ರ ತೆಗೆದು, ಅದನ್ನೇ ಹಿಗ್ಗಿಸಿ 1947ರಲ್ಲಿ ಮೊದಲ ಪೂರ್ಣ ಚಿತ್ರಕ್ಕೆ ಇಳಿದರು. ನಮ್ಮ ವಿಷಯ ಶುರುವಾಗುವುದು ಅಲ್ಲಿಂದ.

ಇದ್ದ ಬಣ್ಣ ಕಾಣದಾದದ್ದು ಹೇಗೆ

‘ಜೂರ್ ದ ಫೆತ್’, ಅಂದರೆ ಹಬ್ಬದ ದಿನ, ಮಧ್ಯ ಫ್ರಾನ್ಸಿನ ಸಾಂತ್-ಸೆವೇರ್-ಸುರ್-ಆಂದ್ರ್ ಎಂಬ ಹಳ್ಳಿಯಲ್ಲಿ ಚಿತ್ರೀಕರಣವಾಯಿತು. ಫ್ರಾನ್ಸಿನದೇ ಆದ ‘ಥಾಮ್ಸನ್‌ಕಲರ್’ ವಿಧಾನದಲ್ಲಿ ಬಣ್ಣದ ಚಿತ್ರ ತೆಗೆಯುವ ಯೋಜನೆ ಅದು. ವಿಧಾನ ಹೊಸದು, ನಂಬುವಂತಿಲ್ಲ ಎಂದು ಪಕ್ಕದಲ್ಲೇ ಇನ್ನೊಂದು ಕ್ಯಾಮೆರಾ ಇಟ್ಟು ಕಪ್ಪು-ಬಿಳುಪಿನಲ್ಲೂ ಅದೇ ದೃಶ್ಯಗಳನ್ನು ತೆಗೆದರು. ಆ ಮುಂಜಾಗ್ರತೆ ಇಲ್ಲದಿದ್ದರೆ ತಾತಿಯ ವೃತ್ತಿ ಅಲ್ಲಿಗೇ ಮುಗಿಯುತ್ತಿತ್ತು.

ಆ ವಿಧಾನದ ಒಳಗುಟ್ಟು ಹೀಗೆ. ಫಿಲ್ಮಿನ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪ, ಕಪ್ಪು-ಬಿಳುಪಿನದೇ. ಆದರೆ ಅದರ ಬೆನ್ನಿನ ಮೇಲೆ ಗೀರು ಒತ್ತಿ ಸಣ್ಣ ಸಣ್ಣ ಉದ್ದನೆಯ ಮಸೂರಗಳನ್ನು ಮೂಡಿಸಿರುತ್ತಾರೆ, ಒಂದು ಮಿಲಿಮೀಟರಿಗೆ ಇಪ್ಪತ್ತಕ್ಕೂ ಹೆಚ್ಚು. ಕ್ಯಾಮೆರಾ ಲೆನ್ಸಿನ ಮುಂದೆ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳ ಫಿಲ್ಟರ್. ಫಿಲ್ಮನ್ನು ತಿರುವಿ, ಬೆನ್ನು ಲೆನ್ಸಿನ ಕಡೆ ಬರುವಂತೆ ಹಾಕುತ್ತಾರೆ. ಬೆಳಕು ಮೂರು ಪಟ್ಟಿಗಳ ಮೂಲಕ ಬಂದು ಪ್ರತಿ ಪುಟ್ಟ ಮಸೂರದ ಹಿಂದೆ ಮೂರು ಗೆರೆಗಳಾಗಿ ಬೀಳುತ್ತದೆ. ಬಟ್ಟೆ ಕೆಂಪಾಗಿದ್ದರೆ ಕೆಂಪು ಪಟ್ಟಿಯ ಗೆರೆ ಮಾತ್ರ ಗಾಢವಾಗಿ ದಾಖಲಾಗುತ್ತದೆ. ಅಂದರೆ ಫಿಲ್ಮಿನಲ್ಲಿ ಇರುವುದು ಬೂದು ಗೆರೆಗಳಷ್ಟೇ, ಬಣ್ಣ ಸಂಕೇತವಾಗಿ ಕೂತಿದೆ. ತೋರಿಸುವಾಗ ಪ್ರೊಜೆಕ್ಟರಿನ ಮುಂದೆ ಅದೇ ಮೂರು ಪಟ್ಟಿಯ ಫಿಲ್ಟರ್ ಇಟ್ಟರೆ ಸಂಕೇತ ಬಿಚ್ಚಿಕೊಂಡು ತೆರೆಯ ಮೇಲೆ ಬಣ್ಣ ಮೂಡಬೇಕು.

ಕೆಟ್ಟದ್ದು ಎಲ್ಲಿ? ಚಿತ್ರಮಂದಿರಕ್ಕೆ ಹೋಗುವುದು ಕ್ಯಾಮೆರಾದೊಳಗಿನ ಫಿಲ್ಮಲ್ಲ, ಅದರ ಪ್ರಿಂಟು. ಗೀರಿನ ಫಿಲ್ಮಿನಿಂದ ಇನ್ನೊಂದು ಗೀರಿನ ಫಿಲ್ಮಿಗೆ ಇಳಿಸುವಾಗ ಎರಡರ ಗೆರೆಗಳೂ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಸ್ವಲ್ಪ ಸರಿದರೂ ಬಣ್ಣಗಳು ಒಂದರೊಳಗೊಂದು ಕಲಸಿ ಹೋಗುತ್ತವೆ, ತೆರೆಯ ಮೇಲೆ ಅಲೆಅಲೆಯಾದ ಗೆರೆ ಕಾಣುತ್ತವೆ. ಬೆಳಕೂ ಬಹಳ ನಷ್ಟವಾಗುತ್ತದೆ. ಪ್ರಿಂಟು ತೆಗೆಯುವ ಕೆಲಸವನ್ನು ಥಾಮ್ಸನ್ ಕಂಪನಿ ಬಗೆಹರಿಸಲೇ ಇಲ್ಲ. 1949ರಲ್ಲಿ ಬಿಡುಗಡೆಯಾದದ್ದು ಎರಡನೇ ಕ್ಯಾಮೆರಾದ ಕಪ್ಪು-ಬಿಳುಪು ಚಿತ್ರ. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಬಹುಮಾನವನ್ನೂ ಅದೇ ಗಳಿಸಿತು.

ನಷ್ಟವಾದದ್ದು ಅಲಂಕಾರ ಮಾತ್ರ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ತಾತಿ ಹಳ್ಳಿಯ ಬಾಗಿಲುಗಳಿಗೆ ಬೂದುಬಣ್ಣ ಹೊಡೆಸಿದ್ದರು, ಊರಿನವರಿಗೆ ಕಪ್ಪು ಬಟ್ಟೆ ಉಡಿಸಿದ್ದರು. ಜಾತ್ರೆಯ ಗಾಡಿಗಳು ಬಂದು, ತಿರುಗುವ ಮರದ ಕುದುರೆಗಳು ಇಳಿದಾಗಲೇ ಊರಿಗೆ ಬಣ್ಣ ಬರಬೇಕು, ಅವು ಪೆಟ್ಟಿಗೆ ಸೇರಿದಾಗ ಬಣ್ಣವೂ ಹೋಗಬೇಕು ಎಂಬುದು ಲೆಕ್ಕಾಚಾರ. ಕಪ್ಪು-ಬಿಳುಪಿನಲ್ಲಿ ಆ ಲೆಕ್ಕಾಚಾರ ಇತ್ತೆಂಬ ಸುಳಿವೂ ಉಳಿಯಲಿಲ್ಲ.

1964ರಲ್ಲಿ ತಾತಿ ಸ್ವತಃ ಇದಕ್ಕೆ ತೇಪೆ ಹಾಕಲು ಹೋದರು. ಹಳ್ಳಿಗೆ ಬರುವ ಚಿತ್ರಕಾರನೊಬ್ಬನ ಪಾತ್ರವನ್ನು ಹೊಸದಾಗಿ ಚಿತ್ರೀಕರಿಸಿ ಸೇರಿಸಿದರು. ಬಾವುಟ, ಬಲೂನಿನಂಥ ಕೆಲವೇ ವಸ್ತುಗಳಿಗೆ ಕೊರೆದ ಅಚ್ಚಿನಿಂದ ಬಣ್ಣ ಕೊಟ್ಟರು. ಬಹಳ ವರ್ಷ ಜನ ನೋಡಿದ್ದು ಈ ಆವೃತ್ತಿಯನ್ನೇ. ತಾತಿ ತೀರಿಕೊಂಡದ್ದು 1982ರಲ್ಲಿ. ಮಗಳು ಸೋಫಿ ತಾತಿಷೆಫ್, ಸ್ವತಃ ಸಂಕಲನಕಾರ್ತಿ, ಛಾಯಾಗ್ರಾಹಕ ಫ್ರಾಂಸ್ವಾ ಎದ್ ಜೊತೆ ಸೇರಿ ಉಳಿದಿದ್ದ ಗೀರಿನ ನೆಗೆಟಿವ್‌ನಿಂದ ಬಣ್ಣವನ್ನು ಸಾಮಾನ್ಯ ಫಿಲ್ಮಿಗೆ ಇಳಿಸುವ ದಾರಿ ಹುಡುಕಿದರು. 1995ರಲ್ಲಿ, ಚಿತ್ರೀಕರಣವಾಗಿ ಸುಮಾರು ಅರ್ಧ ಶತಮಾನದ ಮೇಲೆ, ‘ಜೂರ್ ದ ಫೆತ್’ ತನ್ನದೇ ಬಣ್ಣದಲ್ಲಿ ತೆರೆಗೆ ಬಂತು.

ಇಲ್ಲಿ ಸಿಗುವ ಮೂರು ಬಗೆಯನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ, ತೊಂದರೆ ಶುರುವಾಗುವುದೇ ಅಲ್ಲಿ. 1995ರದು ಫಿಲ್ಮಿನಲ್ಲೇ ದಾಖಲಾಗಿದ್ದ ಬಣ್ಣವನ್ನು ಬಿಡಿಸಿ ತೆಗೆದದ್ದು. 1964ರದು ನಿರ್ದೇಶಕನೇ ಆಮೇಲೆ ಹಚ್ಚಿದ್ದು. ‘ಕಸ್ತೂರಿ ನಿವಾಸ’ದ್ದು ಮೂರನೆಯ ಬಗೆ, ನೆಗೆಟಿವ್‌ನಲ್ಲಿ ಎಂದೂ ಇರದಿದ್ದ ಬಣ್ಣವನ್ನು ಇಂದಿನವರು ಊಹಿಸಿ ತುಂಬಿದ್ದು. ಕಪ್ಪು-ಬಿಳುಪು ಎಮಲ್ಷನ್ ಹಿಡಿಯುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಒಂದು ಕೆಂಪು ಸೀರೆ, ಒಂದು ಹಸಿರು ಸೀರೆ ಎರಡೂ ಒಂದೇ ಬೂದಾಗಿ ಬೀಳಬಹುದು. ಆ ಬೂದಿನಿಂದ ಹಿಂದಕ್ಕೆ ಹೋಗಿ ಸೀರೆ ಯಾವ ಬಣ್ಣದ್ದಿತ್ತು ಎಂದು ಹೇಳಲು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಇಡೀ ಶಾಟಿನಲ್ಲಿ ಒಂದು ಫ್ರೇಮಿಗೆ ಮಾದರಿಯಾಗಿ ಬಣ್ಣ ತುಂಬಿ ಉಳಿದವಕ್ಕೆ ಹರಡುವುದು ಇಂದಿನ ಪದ್ಧತಿ. ಮುಖದ ಮುಂದೆ ಕೈ ಹಾದುಹೋದಾಗ, ಕೂದಲಿನ ಅಂಚಿನಲ್ಲಿ, ಹೊಗೆ, ತೆಳು ಸೆರಗು, ದೀಪದ ಜ್ವಾಲೆ ಇರುವಲ್ಲಿ ಅದು ಸೋರುತ್ತದೆ. ಕಪ್ಪು-ಬಿಳುಪಿಗೆಂದೇ ಬೆಳಕು ಕಟ್ಟಿದ ಛಾಯಾಗ್ರಾಹಕನ ನೆರಳುಗಳ ಮೇಲೆ ಬಣ್ಣ ಕೂತರೆ ಎರಡೂ ಜಗಳಾಡುತ್ತವೆ.

ಮೂರು ಸಲ ಮುಗಿದ ರಜೆ

ಹಾಗಾದರೆ ನಿರ್ದೇಶಕ ಮೊದಲು ಬಿಟ್ಟದ್ದೇ ಮೂಲ, ಉಳಿದದ್ದೆಲ್ಲ ಕೆಡಿಸಿದ್ದು ಎಂದು ತೀರ್ಪು ಕೊಟ್ಟುಬಿಡಬಹುದೇ? ತಾತಿಯ ಎರಡನೇ ಚಿತ್ರ ಅದಕ್ಕೆ ಬಿಡುವುದಿಲ್ಲ.

‘ಲೆ ವಕಾಂಸ್ ದ ಮಿಸ್ಯೋ ಉಲೋ’, ಅಂದರೆ ಉಲೋ ಮಹಾಶಯರ ರಜೆ, 1953ರದು, ಅಟ್ಲಾಂಟಿಕ್ ದಡದ ಸೇಂಟ್-ಮಾರ್ಕ್-ಸುರ್-ಮೇರ್‌ನಲ್ಲಿ ತೆಗೆದದ್ದು. ಬಾಯಲ್ಲಿ ಪೈಪು, ಮುಂದಕ್ಕೆ ಬಾಗಿದ ಉದ್ದನೆ ದೇಹ, ಗಿಡ್ಡ ಪ್ಯಾಂಟಿನ ಉಲೋ ಮೊದಲು ಕಂಡದ್ದು ಇದರಲ್ಲಿ. 1960ರ ದಶಕದ ಆರಂಭದಲ್ಲಿ ತಾತಿ ಅದರ ಸಂಗೀತವನ್ನು ಹೊಸದಾಗಿ ಧ್ವನಿಮುದ್ರಿಸಿ, ಧ್ವನಿಯನ್ನು ಮತ್ತೆ ಹದಗೊಳಿಸಿ, ಸಂಕಲನ ಬಿಗಿಮಾಡಿದರು. 1978ರಲ್ಲಿ ಅದೇ ಕಡಲತೀರಕ್ಕೆ ಮರಳಿ ಹೊಸ ಶಾಟುಗಳನ್ನು ತೆಗೆದರು. ಹಳೆಯ ಚಿತ್ರದಲ್ಲಿ ಉಲೋನ ಮಡಿಸುವ ದೋಣಿ ನಡುವೆ ಮುರಿದು ಅವನ ಮೇಲೆಯೇ ಮುಚ್ಚಿಕೊಳ್ಳುತ್ತದೆ, ದೂರದಿಂದ ದೊಡ್ಡ ಮೀನಿನ ಬಾಯಿಯಂತೆ. 1975ರ ‘ಜಾಸ್’ ಶಾರ್ಕ್ ಭಯವನ್ನು ಮನೆಮಾತಾಗಿಸಿದ್ದರಿಂದ, ದಡದ ಜನ ಅದನ್ನು ಕಂಡು ಬೆಚ್ಚಿ ಓಡುವ ತುಣುಕನ್ನು 25 ವರ್ಷದ ಮೇಲೆ ಸೇರಿಸಿದರು. 1953ರ ಚಿತ್ರದಲ್ಲಿ 1975ರ ಚಿತ್ರಕ್ಕೆ ಹಾಸ್ಯ!

2009ರ ಮರುಜೋಡಣೆಗೆ, ಅಂದರೆ ಹಳೆಯ ಚಿತ್ರವನ್ನು ಮೊದಲಿನ ಸ್ಥಿತಿಗೆ ಸರಿಪಡಿಸುವ ಕೆಲಸಕ್ಕೆ, ತಂಡ ಆರಿಸಿಕೊಂಡದ್ದು ಈ 1978ರ ರೂಪವನ್ನು. ನಿರ್ದೇಶಕ ಬದುಕಿದ್ದಾಗ ಕೊನೆಯದಾಗಿ ಒಪ್ಪಿದ ರೂಪವೇ ಪ್ರಮಾಣ ಎಂಬ ನಿಲುವು ಅದು. ಗಟ್ಟಿಯಾದ ನಿಲುವೇ. ಆದರೂ 1953ರ ಪ್ರೇಕ್ಷಕ ಏನನ್ನು ನೋಡಿ ನಕ್ಕ ಎಂದು ತಿಳಿಯಬೇಕಾದವನಿಗೆ ಮೊದಲ ರೂಪವೂ ಬೇಕು. ನನ್ನ ಪ್ರಕಾರ ಇದಕ್ಕೆ ಒಂದೇ ಸರಿಯಾದ ಉತ್ತರ ಹುಡುಕುವುದು ವ್ಯರ್ಥ. ಯಾವ ರೂಪವನ್ನು ತೋರಿಸುತ್ತಿದ್ದೇವೆ ಎಂದು ಮೊದಲ ಕಾರ್ಡಿನಲ್ಲೇ ಹೇಳಿ, ಇನ್ನೊಂದನ್ನು ನಾಶಮಾಡದೆ ಇಟ್ಟರೆ ಜಗಳ ಮುಗಿಯಿತು. ‘ಅಂಬಿಕಾಪತಿ’ಯಲ್ಲಿ ಆದದ್ದಕ್ಕೂ ಇದಕ್ಕೂ ಇರುವ ಅಂತರ ಯಂತ್ರದ್ದಲ್ಲ. ತಾತಿ ತನ್ನ ಚಿತ್ರವನ್ನು ತಾನೇ ಬದಲಿಸಿದರು.

ಧ್ವನಿಯ ವಿಷಯ ಒಂದು ಮಾತು. ಈ ಚಿತ್ರದ ಹೋಟೆಲಿನ ಊಟದ ಕೋಣೆಗೆ ಒಂದು ಸ್ಪ್ರಿಂಗ್ ಬಾಗಿಲಿದೆ. ಯಾರಾದರೂ ತಳ್ಳಿದಾಗಲೆಲ್ಲ ತಂತಿ ಮೀಟಿದಂತೆ ‘ಡೊಂಯ್’ ಎನ್ನುತ್ತದೆ. ತಾತಿಯ ಚಿತ್ರಗಳಲ್ಲಿ ಮಾತು ಬಹುಪಾಲು ಗೊಣಗಾಟ, ಅರ್ಥ ಹೊರುವುದು ಇಂಥ ಸದ್ದುಗಳೇ, ಪ್ರತಿಯೊಂದನ್ನೂ ಚಿತ್ರೀಕರಣದ ನಂತರ ಬೇರೆಯಾಗಿ ಮಾಡಿ ಕೂರಿಸಿದ್ದು. ಫಿಲ್ಮಿನ ಅಂಚಿನಲ್ಲೇ ಅಚ್ಚಾದ ಹಳೆಯ ಆಪ್ಟಿಕಲ್ ಧ್ವನಿ ಟ್ರ್ಯಾಕಿನ ಸುಂಯ್ ಸದ್ದನ್ನು ತೆಗೆಯಲು ಸಾಫ್ಟ್‌ವೇರನ್ನು ಜೋರಾಗಿ ಬಿಟ್ಟರೆ ಗಾಳಿ, ಅಲೆ, ದೂರದ ಮಕ್ಕಳ ಕೂಗು ಎಲ್ಲವೂ ‘ಗದ್ದಲ’ವೆಂದೇ ಲೆಕ್ಕವಾಗಿ ಅಳಿಸಿಹೋಗುತ್ತವೆ. ಒಂದೇ ವಾಹಿನಿಯ ಮೋನೋ ಧ್ವನಿಯನ್ನು ಬಲವಂತವಾಗಿ ಸುತ್ತಲಿಂದ ಕೇಳುವ 5.1ಕ್ಕೆ ಹಿಗ್ಗಿಸಿ, ಹಿನ್ನೆಲೆ ಸಂಗೀತವನ್ನೇ ಹೊಸದಾಗಿ ನುಡಿಸಿದ ಮರುಬಿಡುಗಡೆಗಳಲ್ಲಿ ಇನ್ನೂ ಹೆಚ್ಚು ಕಳೆದುಹೋಗುತ್ತದೆ. ಚಿತ್ರ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಧ್ವನಿ ಕೆಟ್ಟದ್ದನ್ನು ಬಹಳ ಜನ ಗುರುತಿಸುವುದೇ ಇಲ್ಲ.

ಗಾಜಿನ ಊರು, ಬ್ಯಾಂಕಿನ ಬಾಗಿಲು

1958ರ ‘ಮೋನ್ ಓಂಕ್ಲ್’ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ, ನಂತರ ಅತ್ಯುತ್ತಮ ವಿದೇಶಿ ಚಿತ್ರದ ಆಸ್ಕರ್ ಎರಡನ್ನೂ ತಂದಿತು. ಅದರ ಇಂಗ್ಲಿಷ್ ರೂಪವನ್ನು ಬೇರೆಯಾಗಿಯೇ ಚಿತ್ರೀಕರಿಸಿದ್ದರು, ಹೀಗಾಗಿ ಅದಕ್ಕೂ ಎರಡು ‘ಮೂಲ’. ಈ ಗೆಲುವಿನ ಧೈರ್ಯದ ಮೇಲೆ ತಾತಿ ಕೈಹಾಕಿದ್ದು ‘ಪ್ಲೇಟೈಮ್’ಗೆ.

ಕಥೆ ಎಂಬುದು ಹೆಚ್ಚೇನಿಲ್ಲ. ಉಕ್ಕು-ಗಾಜಿನ ಆಧುನಿಕ ಪ್ಯಾರಿಸ್‌ನಲ್ಲಿ ಅಮೆರಿಕನ್ ಪ್ರವಾಸಿ ಹೆಂಗಸರ ಗುಂಪು, ಕೆಲಸದ ಮೇಲೆ ಬಂದ ಉಲೋ, ಒಂದು ಹಗಲು ಒಂದು ರಾತ್ರಿ. ನಿಜವಾದ ವಿಮಾನ ನಿಲ್ದಾಣ, ಕಚೇರಿಗಳಲ್ಲಿ ತಿಂಗಳುಗಟ್ಟಲೆ ಚಿತ್ರೀಕರಣಕ್ಕೆ ಜಾಗ ಸಿಗುವುದಿಲ್ಲ. ಆದ್ದರಿಂದ ಪ್ಯಾರಿಸ್‌ನ ಆಗ್ನೇಯ ಅಂಚಿನಲ್ಲಿ 1964ರಿಂದ ಒಂದು ಊರನ್ನೇ ಕಟ್ಟಿಸಿದರು. ಜನ ಅದನ್ನು ‘ತಾತಿವಿಲ್’ ಎಂದು ಕರೆದರು. ಸುಮಾರು 15,000 ಚದರ ಮೀಟರ್ ಜಾಗ, ಟಾರು ರಸ್ತೆ, ಕೆಲಸ ಮಾಡುವ ಎಸ್ಕಲೇಟರ್, ತನ್ನದೇ ವಿದ್ಯುತ್ ಸ್ಥಾವರ, ಹಳಿಯ ಮೇಲೆ ಜರುಗಿಸಬಹುದಾದ ಕಟ್ಟಡಗಳ ಮುಖ. ದೂರದಲ್ಲಿ ನಿಂತ ಜನರಲ್ಲಿ ಕೆಲವರು ಆಳೆತ್ತರದ ಫೋಟೋ ಕಟೌಟುಗಳು. ಕಟ್ಟುವಾಗಲೇ ಬಿರುಗಾಳಿ ಬಂದು ಒಂದಷ್ಟು ಭಾಗ ಕೆಡವಿತು. ಬಿಸಿಲು-ಮೋಡಕ್ಕೆ ಕಾದು, ಹಣಕ್ಕೆ ಕಾದು, ಚಿತ್ರೀಕರಣ 1967ರವರೆಗೂ ಎಳೆಯಿತು. ಒಟ್ಟು ಖರ್ಚು ಒಂದೂವರೆ ಕೋಟಿ ಫ್ರಾಂಕ್ ದಾಟಿತೆಂದು ಅಂದಾಜು.

ಬಳಸಿದ್ದು 70 ಎಂ.ಎಂ. ಅಂದರೆ ಕ್ಯಾಮೆರಾದಲ್ಲಿ 65 ಮಿಲಿಮೀಟರ್ ನೆಗೆಟಿವ್, ಚಿತ್ರಮಂದಿರಕ್ಕೆ 70 ಮಿಲಿಮೀಟರ್ ಪ್ರಿಂಟು. ಹೆಚ್ಚುವರಿ ಅಗಲದಲ್ಲಿ ಆರು ಟ್ರ್ಯಾಕಿನ ಕಾಂತೀಯ ಧ್ವನಿಯ ಪಟ್ಟಿಗೆ ಜಾಗ. ಭಾರತದಲ್ಲಿ ಈ ಅಗಲದ ತೆರೆ ಎಂದರೆ ಕುದುರೆ, ರೈಲು, ಹೊಡೆದಾಟ ನೆನಪಾಗುತ್ತದೆ. ತಾತಿಗೆ ಅದು ಬೇಕಾದದ್ದು ಬೇರೆಯೇ ಕಾರಣಕ್ಕೆ. ಕ್ಲೋಸಪ್ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ದೂರದ ಶಾಟಿನಲ್ಲಿ ನಾಲ್ಕೈದು ಹಾಸ್ಯ ಒಟ್ಟಿಗೆ ನಡೆಯುತ್ತಿರುತ್ತವೆ, ಯಾವುದನ್ನು ನೋಡಬೇಕು ಎಂದು ಚಿತ್ರ ಬೊಟ್ಟು ಮಾಡುವುದಿಲ್ಲ. ಪ್ರವಾಸಿ ಹೆಂಗಸೊಬ್ಬಳು ಗಾಜಿನ ಬಾಗಿಲು ತೆರೆದಾಗ ಅದರಲ್ಲಿ ಐಫೆಲ್ ಗೋಪುರದ ಪ್ರತಿಬಿಂಬ ಒಂದು ಕ್ಷಣ ಹಾದುಹೋಗುತ್ತದೆ. ಇಡೀ ಚಿತ್ರದಲ್ಲಿ ಹಳೆಯ ಪ್ಯಾರಿಸ್ ಕಾಣಿಸುವುದು ಹೆಚ್ಚುಕಡಿಮೆ ಹೀಗೆ ಗಾಜಿನಲ್ಲಿ ಮಾತ್ರ. ಫೋನಿನಲ್ಲಿ ನೋಡಿದರೆ ಅದು ಮಿನುಗಿದ್ದೇ ತಿಳಿಯುವುದಿಲ್ಲ. ನಾಯಕ ಉಲೋ ಕೂಡ ಗುಂಪಿನಲ್ಲಿ ಕಳೆದುಹೋಗುತ್ತಾನೆ, ಅವನಂತೆಯೇ ಟೋಪಿ ಕೋಟು ತೊಟ್ಟ ಬೇರೆಯವರು ಅಲ್ಲಲ್ಲಿ ಕಂಡು ಪ್ರೇಕ್ಷಕನನ್ನು ಏಮಾರಿಸುತ್ತಾರೆ. ಉಲೋನನ್ನು ನೋಡಲೆಂದೇ ಟಿಕೆಟ್ ಕೊಂಡವರಿಗೆ ಇದು ಹೇಗೆ ಕಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

1967ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ, ಸುಮಾರು ಎರಡೂವರೆ ಗಂಟೆಯ ಚಿತ್ರ. 70 ಎಂ.ಎಂ. ಮತ್ತು ಸ್ಟೀರಿಯೋ ಇರುವ ಚಿತ್ರಮಂದಿರಗಳಲ್ಲೇ ತೋರಿಸಬೇಕು ಎಂಬುದು ತಾತಿಯ ಹಟ. ಅಂಥ ಮಂದಿರಗಳು ಎಷ್ಟಿದ್ದಾವು? ಖರ್ಚಿನ ಗಾತ್ರಕ್ಕೆ ಗಳಿಕೆಯ ಬಾಯಿ ತೀರ ಕಿರಿದಾಯಿತು. ಉದ್ದ ಹೆಚ್ಚಾಯಿತೆಂದು ಪ್ರದರ್ಶಕರು ಒತ್ತಡ ಹಾಕಿದಾಗ ಕತ್ತರಿ ಹಿಡಿದದ್ದೂ ತಾತಿಯೇ. ಇಂದು ಜಗತ್ತು ನೋಡುವ ‘ಪ್ಲೇಟೈಮ್’ ಎರಡು ಗಂಟೆ ನಾಲ್ಕು ನಿಮಿಷದ ಆಸುಪಾಸಿನದು.

ಆಮೇಲಿನದು ಲೆಕ್ಕಪತ್ರದ ಕಥೆ. ನಿರ್ಮಾಣಕ್ಕೆ ಮಾಡಿದ ಸಾಲಕ್ಕೆ ತಾತಿ ಖುದ್ದು ಜಾಮೀನು ನಿಂತಿದ್ದರು. ಮನೆ ಹೋಯಿತು. ಸೆಟ್ಟನ್ನು ಸಿನಿಮಾ ವಿದ್ಯಾರ್ಥಿಗಳಿಗಾಗಿ ಉಳಿಸಬೇಕೆಂಬ ಆಸೆ ಇತ್ತು, ಅದನ್ನೂ ಕೆಡವಿದರು. 1971ರಲ್ಲಿ ‘ತ್ರಾಫಿಕ್’, 1974ರಲ್ಲಿ ಸ್ವೀಡನ್ನಿನ ದೂರದರ್ಶನದ ಹಣದಿಂದ ಸರ್ಕಸ್ ರೂಪದ ‘ಪರಾದ್’. ಅದೇ 1974ರಲ್ಲಿ ಅವರ ಸಂಸ್ಥೆ ಸ್ಪೆಕ್ಟ್ರಾ-ಫಿಲ್ಮ್ಸ್ ದಿವಾಳಿಯಾಗಿ, ಅದರ ಕೈಲಿದ್ದ ಚಿತ್ರಗಳ ಹಕ್ಕೆಲ್ಲ ಸುಮಾರು 1,20,000 ಫ್ರಾಂಕಿಗೆ ಹರಾಜಾಯಿತು. ಒಂದೂವರೆ ಕೋಟಿ ನುಂಗಿದ ಚಿತ್ರವೂ ಆ ಮೂಟೆಯಲ್ಲೇ ಇತ್ತು. 1977ರಲ್ಲಿ ಫ್ರೆಂಚ್ ಸಿನಿಮಾದ ಗೌರವ ಸೆಸಾರ್ ಪ್ರಶಸ್ತಿ ಕೊಟ್ಟರು. ‘ಕನ್‌ಫ್ಯೂಷನ್’ ಎಂಬ ಮುಂದಿನ ಚಿತ್ರಕಥೆ ಕಾಗದದಲ್ಲೇ ಉಳಿಯಿತು.

ಹಕ್ಕುಗಳು ಮತ್ತೆ ಒಂದೆಡೆ ಸೇರಿದ್ದು 2001ರಲ್ಲಿ, ಸೋಫಿ ತಾತಿಷೆಫ್, ರಂಗನಿರ್ದೇಶಕರಾದ ಜೆರೋಮ್ ದೆಶಾಂ ಮತ್ತು ಮಾಷಾ ಮಕೇಯೆಫ್ ‘ಲೆ ಫಿಲ್ಮ್ ದ ಮೋನ್ ಓಂಕ್ಲ್’ ಸಂಸ್ಥೆ ಕಟ್ಟಿದಾಗ. ಸೋಫಿ ಅದೇ ವರ್ಷ ತೀರಿಕೊಂಡರು. ಮರುಜೋಡಿಸಿದ ‘ಪ್ಲೇಟೈಮ್’ 2002ರಲ್ಲಿ ಕಾನ್‌ನಲ್ಲಿ ತೆರೆಕಂಡಿತು. ಆರೂ ಚಿತ್ರಗಳ ನೆಗೆಟಿವ್, ಹಕ್ಕು, ತಿಳಿವಳಿಕೆ ಒಂದೇ ಸೂರಿನಡಿ ಬಂದದ್ದರಿಂದ ಮಾತ್ರ ಮುಂದಿನ ಕೆಲಸ ಸಾಧ್ಯವಾಯಿತು. ಕನ್ನಡದಲ್ಲಿ ಒಂದೇ ಚಿತ್ರದ ನೆಗೆಟಿವ್ ಒಬ್ಬರಲ್ಲಿ, ಟಿವಿ ಹಕ್ಕು ಇನ್ನೊಬ್ಬರಲ್ಲಿ, ಆಡಿಯೊ ಮತ್ತೊಬ್ಬರಲ್ಲಿ ಇರುವುದು ಮಾಮೂಲು. ಮರುಜೋಡಣೆ ನಿಂತುಹೋಗುವುದು ತಂತ್ರಜ್ಞಾನ ಇಲ್ಲದ್ದಕ್ಕಿಂತ ಹೆಚ್ಚಾಗಿ ಎಲ್ಲವೂ ಹೀಗೆ ಚದುರಿರುವುದರಿಂದ.

ಕಾನೂನು ಯಾರನ್ನು ಕರ್ತೃ ಎನ್ನುತ್ತದೆ

ಫ್ರಾನ್ಸಿನಲ್ಲಿ ನಿರ್ದೇಶಕ, ಚಿತ್ರಕಥೆಗಾರ, ಸಂಭಾಷಣೆಕಾರ, ಸಂಗೀತಕಾರ ಚಿತ್ರದ ಸಹಕರ್ತೃಗಳು. ನಿರ್ದೇಶಕ ಮತ್ತು ನಿರ್ಮಾಪಕ ಒಪ್ಪಿ ಅಂತಿಮ ಆವೃತ್ತಿ ನಿಗದಿಯಾದ ಮೇಲೆ ಅದರ ಮೂಲಪ್ರತಿಯನ್ನು ನಾಶಮಾಡುವುದು ನಿಷಿದ್ಧ. ಸೇರಿಸಬೇಕಾದರೂ ತೆಗೆಯಬೇಕಾದರೂ ಅವರ ಒಪ್ಪಿಗೆ ಬೇಕು. ಈ ನೈತಿಕ ಹಕ್ಕಿಗೆ ಕಾಲಮಿತಿ ಇಲ್ಲ, ವಾರಸುದಾರರಿಗೆ ಇಳಿಯುತ್ತದೆ. ಅಮೆರಿಕನ್ ನಿರ್ದೇಶಕ ಜಾನ್ ಹ್ಯೂಸ್ಟನ್ ಅವರ ಕಪ್ಪು-ಬಿಳುಪು ಚಿತ್ರವೊಂದಕ್ಕೆ ಬಣ್ಣ ಹಾಕಿ ಫ್ರೆಂಚ್ ಟಿವಿಯಲ್ಲಿ ತೋರಿಸಲು ಹೊರಟಾಗ ಅವರ ಮಕ್ಕಳು ಕೋರ್ಟಿಗೆ ಹೋದರು. 1991ರ ಮೇ 28ರಂದು ಫ್ರಾನ್ಸಿನ ಉಚ್ಚತಮ ನ್ಯಾಯಾಲಯ ಅವರ ಪರ ನಿಂತಿತು. ಅಮೆರಿಕದ ಕರಾರು ನಿರ್ಮಾಪಕನಿಗೆ ಎಲ್ಲ ಹಕ್ಕು ಕೊಟ್ಟಿದ್ದರೂ ಫ್ರೆಂಚ್ ನೆಲದಲ್ಲಿ ಅದು ನಡೆಯಲಿಲ್ಲ.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಸಿನಿಮಾದ ಕರ್ತೃ ಎಂದು ಕರೆಯುವುದು ನಿರ್ಮಾಪಕನನ್ನು. 57ನೇ ಕಲಂ ಕರ್ತೃವಿಗೆ ವಿಶೇಷ ಹಕ್ಕು ಕೊಡುತ್ತದೆ: ಹಕ್ಕನ್ನು ಮಾರಿದ ಮೇಲೂ ತನ್ನ ಗೌರವಕ್ಕೆ ಧಕ್ಕೆ ತರುವಂತೆ ಕೃತಿಯನ್ನು ವಿಕಾರಗೊಳಿಸಿದರೆ ತಡೆಯಬಹುದು. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ ಕಾದಂಬರಿಯ ಸಿನಿಮಾ ರೂಪದ ವಿರುದ್ಧ 1980ರ ದಶಕದಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಇದೇ ಕಲಮಿನಡಿ. ಅವರು ಕಾದಂಬರಿಯ ಕರ್ತೃ, ಹಾಗಾಗಿ ನೆಲೆ ಗಟ್ಟಿ ಇತ್ತು. ನಿರ್ದೇಶಕನಿಗೆ, ಅವನೇ ಚಿತ್ರಕಥೆ ಬರೆದಿರದಿದ್ದರೆ, ಆ ನೆಲೆಯೂ ಅಲುಗಾಡುತ್ತದೆ. ಎಐ ಕ್ಲೈಮ್ಯಾಕ್ಸಿನ ಜಗಳದಲ್ಲಿ ನಿರ್ದೇಶಕ ಎಷ್ಟು ಕೂಗಿದರೂ ಚಿತ್ರ ಬಿಡುಗಡೆಯಾದದ್ದರ ಹಿನ್ನೆಲೆ ಇದು.

ಹಾಗೆಂದು ಫ್ರಾನ್ಸಿನ ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ‘ಪ್ಲೇಟೈಮ್’ ತೋರಿಸಬೇಕು. ಆ ಕಾನೂನಿದ್ದ ದೇಶದಲ್ಲೇ, ನಿರ್ದೇಶಕನ ಸ್ವಂತ ಕೈಯಿಂದಲೇ, ಅರ್ಧ ಗಂಟೆ ಹೋಯಿತು. ಬೇರೆಯವರ ಕತ್ತರಿಯನ್ನು ನೈತಿಕ ಹಕ್ಕು ತಡೆಯುತ್ತದೆ. ತಲೆಯ ಮೇಲೆ ಸಾಲವಿದ್ದವನು ತಾನೇ ‘ಒಪ್ಪಿದ’ ಕತ್ತರಿಯನ್ನು ತಡೆಯುವ ಕಲಂ ಯಾವುದೂ ಇಲ್ಲ.

ಅವಧಿಯಲ್ಲೂ ವ್ಯತ್ಯಾಸವಿದೆ. ಭಾರತದಲ್ಲಿ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1965ರಲ್ಲಿ ತೆರೆಕಂಡ ಚಿತ್ರದ ಅವಧಿ 2025ರ ಡಿಸೆಂಬರ್ 31ರವರೆಗೆ. ಫ್ರಾನ್ಸಿನಲ್ಲಿ ಸಹಕರ್ತೃಗಳಲ್ಲಿ ಕೊನೆಯವರು ತೀರಿದ ಮೇಲೆ 70 ವರ್ಷ, ಹಾಗಾಗಿ ತಾತಿಯ ಚಿತ್ರಗಳು 2052ರ ಕೊನೆಯವರೆಗಂತೂ ಭದ್ರ. ನಮ್ಮಲ್ಲಿ ಪ್ರತಿ ಜನವರಿ 1ಕ್ಕೂ ಇನ್ನೊಂದು ವರ್ಷದ ಚಿತ್ರಗಳು ಸಾರ್ವಜನಿಕವಾಗುತ್ತ ಹೋಗುತ್ತವೆ. ಚಿತ್ರದ ಹಕ್ಕಿನ ಮಟ್ಟಿಗೆ ಯಾರು ಬೇಕಾದರೂ ಬಣ್ಣ ಹಾಕಬಹುದು, ಕ್ಲೈಮ್ಯಾಕ್ಸ್ ಬದಲಿಸಬಹುದು. ಆಗ ಯಾವ ರೂಪ ಉಳಿದಿದೆ ಎಂಬುದೇ ದೊಡ್ಡ ಪ್ರಶ್ನೆ.

4ಕೆ ಎಂದರೆ ಏನೇನು ಮಾಡಿರಬೇಕು

ಮೊದಲ ಕೆಲಸ ಹುಡುಕಾಟ. ಕ್ಯಾಮೆರಾ ನೆಗೆಟಿವ್ ಸಿಕ್ಕರೆ ಉತ್ತಮ. ಇಲ್ಲದಿದ್ದರೆ ಅದರಿಂದ ತೆಗೆದ ಇಂಟರ್‌ಪಾಸಿಟಿವ್ ಎಂಬ ನಡುವಣ ಪ್ರತಿ, ಅದೂ ಇಲ್ಲದಿದ್ದರೆ ಚಿತ್ರಮಂದಿರದಲ್ಲಿ ಓಡಿ ಸವೆದ ಪ್ರಿಂಟು. ಒಂದೊಂದು ಮೆಟ್ಟಿಲು ಇಳಿದಂತೆ ಸೂಕ್ಷ್ಮ ವಿವರ ಕರಗುತ್ತದೆ, ಕಪ್ಪು ಇನ್ನೂ ಕಪ್ಪಾಗುತ್ತದೆ. ಸವೆದ ಪ್ರಿಂಟನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು ಸವೆತದ ಸ್ಪಷ್ಟ ಚಿತ್ರ. ಟಿವಿಯ ಬೀಟಾ ಟೇಪಿನಿಂದ ಎಐ ಮೂಲಕ ಹಿಗ್ಗಿಸಿದ್ದನ್ನೂ ಅದೇ ಹೆಸರಲ್ಲಿ ಮಾರುವವರಿದ್ದಾರೆ. ತಾತಿಯ ಆರರಲ್ಲೂ ‘ಪರಾದ್’ನ ಬಹುಭಾಗ ವಿಡಿಯೋದಲ್ಲಿ ತೆಗೆದದ್ದು, ಅದನ್ನು ಎಷ್ಟು ಹಿಗ್ಗಿಸಿದರೂ ‘ಪ್ಲೇಟೈಮ್’ನ 65 ಎಂ.ಎಂ. ವಿವರ ಬರುವುದಿಲ್ಲ.

ಸಿಕ್ಕ ರೀಲನ್ನು ಕೈಯಲ್ಲೇ ಬಿಚ್ಚಿ ನೋಡಬೇಕು. ಡಬ್ಬ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ತಳಪದರ ಕೊಳೆಯುತ್ತಿದೆ ಎಂದರ್ಥ, ಪಕ್ಕದ ಡಬ್ಬಗಳಿಗೂ ಹರಡುವ ಮುನ್ನ ಬೇರೆಯಿಡಬೇಕು. ಫಿಲ್ಮು ಕುಗ್ಗಿದ್ದರೆ ರಂಧ್ರಗಳು ಹಲ್ಲುಗಾಲಿಗೆ ಕೂರುವುದಿಲ್ಲ, ಎಳೆದರೆ ಹರಿಯುತ್ತದೆ. ಹರಿದ ರಂಧ್ರಗಳನ್ನು ಒಂದೊಂದಾಗಿ ಕೈಯಲ್ಲಿ ತೇಪೆ ಹಾಕಿ, ಸ್ವಚ್ಛಗೊಳಿಸಿ, ಆಮೇಲೆ ಸ್ಕ್ಯಾನು. ಸವೆತದಿಂದ ಬೆನ್ನಿನ ಮೇಲೆ ಬಿದ್ದ ಗೀರು ಮರೆಯಾಗಲು ಫಿಲ್ಮನ್ನು ದ್ರವದಲ್ಲಿ ತೋಯಿಸಿ ಸ್ಕ್ಯಾನ್ ಮಾಡುವ ಪದ್ಧತಿಯಿದೆ, ದ್ರವ ಗೀರನ್ನು ತುಂಬಿ ಬೆಳಕು ಚದುರದಂತೆ ಮಾಡುತ್ತದೆ. ಎರಡು ಗಂಟೆಯ ಚಿತ್ರಕ್ಕೆ 1,72,800 ಫ್ರೇಮು. ಪೂರ್ಣ ಅಳತೆಯ 4ಕೆ ಫ್ರೇಮು ಒಂದಕ್ಕೆ 50 ಎಂ.ಬಿ. ಆಸುಪಾಸು, ಒಟ್ಟು ಎಂಟೊಂಬತ್ತು ಟಿ.ಬಿ.

ಬಣ್ಣದ ಫಿಲ್ಮಿನಲ್ಲಿ, ಅದರಲ್ಲೂ ಹಳೆಯ ಪ್ರಿಂಟುಗಳಲ್ಲಿ, ಸಯಾನ್ ಎಂಬ ಹಸಿರು-ನೀಲಿ ಮೊದಲು ಮಂಕಾಗುತ್ತದೆ, ಚಿತ್ರವೆಲ್ಲ ಗುಲಾಬಿಗೆ ತಿರುಗುತ್ತದೆ. ಸರಿಪಡಿಸಲು ಬಿಡುಗಡೆಯ ಕಾಲದ ಒಳ್ಳೆಯ ಪ್ರಿಂಟು, ಛಾಯಾಗ್ರಾಹಕ ಬದುಕಿದ್ದರೆ ಅವರ ಕಣ್ಣು ಬೇಕು. ‘ಪ್ಲೇಟೈಮ್’ ಬೇಕೆಂದೇ ಬೂದು-ನೀಲಿಯಲ್ಲಿ ಅದ್ದಿದ ಚಿತ್ರ. ಅದನ್ನು ಕಂಡು ಮಂಕಾಗಿದೆ ಎಂದುಕೊಂಡ ಗ್ರೇಡರ್ (ಬಣ್ಣ ಹೊಂದಿಸುವವನು) ಬಣ್ಣ ಏರಿಸಿದರೆ ಚಿತ್ರದ ಪ್ರಾಣವೇ ಹೋಗುತ್ತದೆ. ಧೂಳು ತೆಗೆಯುವಾಗ ಸಾಫ್ಟ್‌ವೇರ್ ಮಳೆಹನಿ, ಚೆಂಡು, ಹಾರುವ ಹಕ್ಕಿಯನ್ನೂ ಕಸವೆಂದು ಎತ್ತಿಬಿಡುವುದುಂಟು, ಆದ್ದರಿಂದ ಮನುಷ್ಯರು ಕೂತು ನೋಡಲೇಬೇಕು. ಫಿಲ್ಮಿನ ಸಹಜ ಕಣಗಳಾದ ಗ್ರೇನನ್ನು ಪೂರ್ತಿ ಅಳಿಸಿದರೆ ಮುಖಗಳು ಮೇಣದ ಬೊಂಬೆಯಾಗುತ್ತವೆ. ಇನ್ನೊಂದು ಅಪರಾಧ, ಹಳೆಯ ಚೌಕಾಕಾರದ ಫ್ರೇಮನ್ನು ಅಗಲ ತೆರೆಯ ಸ್ಕೋಪಿಗೆ ಕೊಯ್ಯುವುದು. ಅಗಲ-ಎತ್ತರದ 1.37 ಅನುಪಾತವನ್ನು 2.35ಕ್ಕೆ ತಂದರೆ ಚಿತ್ರದ ಸುಮಾರು 40% ಮೇಲೆ-ಕೆಳಗೆ ಹೋಗುತ್ತದೆ. ಕಿರೀಟ, ಪಾದ ಎರಡೂ ಇಲ್ಲದ ಪೌರಾಣಿಕ ಚಿತ್ರ!

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಇದೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮಾರ್ಟಿನ್ ಸ್ಕಾರ್ಸೆಸೆಯವರ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಬೊಲೋನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿನಲ್ಲಿ ಮರುಜೋಡಿಸಿದವು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಕ್ಯಾಮೆರಾ ನೆಗೆಟಿವ್ ಉಳಿದಿತ್ತು, ನಿರ್ದೇಶಕರು ಕೆಲಸದಲ್ಲಿ ಜೊತೆಗಿದ್ದರು. 2024ರಲ್ಲಿ ವೆನಿಸ್‌ನ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಕಪ್ಪು-ಬಿಳುಪಾಗಿಯೇ.

ಇಂದು ಚಿತ್ರ ಮಾಡುತ್ತಿರುವವರಿಗೆ ಇದು ಹಳೆಯವರ ಕಥೆಯಲ್ಲ, ಡಿಜಿಟಲ್ ಚಿತ್ರ ಇನ್ನೂ ಬೇಗ ಸಾಯುತ್ತದೆ. ಚಿತ್ರಮಂದಿರಕ್ಕೆ ಕಳಿಸಿದ ಡಿಸಿಪಿಗೆ (ಪ್ರದರ್ಶನದ ಡಿಜಿಟಲ್ ಪ್ರತಿ) ಬೀಗವಿರುತ್ತದೆ, ಕೀಲಿಯ ಅವಧಿ ಮುಗಿದರೆ ಡಿಸ್ಕು ಕೈಯಲ್ಲಿದ್ದೂ ಚಿತ್ರ ತೆರೆಯುವುದಿಲ್ಲ. ಬೀಗವಿಲ್ಲದ ಮಾಸ್ಟರನ್ನು ಪೋಸ್ಟ್ ಪ್ರೊಡಕ್ಷನ್ ಮುಗಿದ ದಿನವೇ ಕೇಳಿ ಪಡೆಯಬೇಕು. ಬೀರುವಿನಲ್ಲಿಟ್ಟ ಹಾರ್ಡ್‌ಡಿಸ್ಕನ್ನು ನಂಬುವಂತಿಲ್ಲ. ದತ್ತಾಂಶ ಕೂಡಿಡುವ ಎಲ್‌ಟಿಒ ಕಾಂತೀಯ ಟೇಪಿಗೆ ಹಾಕಿದರೂ ವರ್ಷಗಳ ಮೇಲೆ ಹೊಸ ಟೇಪಿಗೆ ದಾಟಿಸಲೇಬೇಕು. ಎಲ್‌ಟಿಒ-8 ಯಂತ್ರ ಎಲ್‌ಟಿಒ-7ನ್ನು ಓದುತ್ತದೆ, 6ನ್ನು ಓದುವುದಿಲ್ಲ. ಮೂರು ಪ್ರತಿ, ಅದರಲ್ಲಿ ಒಂದಾದರೂ ಬೇರೆ ಊರಿನಲ್ಲಿ.

ಕರಾರಿನಲ್ಲಿ ಅಂತಿಮ ಆವೃತ್ತಿಯ ಉದ್ದವನ್ನು ಸೆಕೆಂಡಿನವರೆಗೆ ನಮೂದಿಸಿ, ಸಂಕಲನ, ಬಣ್ಣ, ಧ್ವನಿ, ಡಬ್ಬಿಂಗ್, ಎಐ ಬದಲಾವಣೆ ಯಾವುದಕ್ಕೂ ನಿರ್ದೇಶಕನ ಲಿಖಿತ ಒಪ್ಪಿಗೆ ಬೇಕೆಂದು ಬರೆಸಬಹುದು. ನಮ್ಮ ಕಾನೂನು ನಿರ್ದೇಶಕನಿಗೆ ಕೊಡದ್ದನ್ನು ಕರಾರು ಕೊಡಬಲ್ಲದು. ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ತಂತ್ರಜ್ಞಾನಕ್ಕೂ ಹಕ್ಕು ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲು ಆ ಕಾಗದದ ಎಲ್ಲೋ ಕೆಳಗೆ ಇರುತ್ತದೆ. ಸಹಿ ಹಾಕುವ ಮುಂಚೆ ಓದಬೇಕಾದದ್ದು ಅದನ್ನು.